ನಲ್ಲಿ ವಾಷರ್‌ನಿಂದ ಹುಟ್ಟಿದ ರೇಡಿಯೊ: ಹ್ಯಾಮ್‌ಗಳು ತಮ್ಮ ಸೆಟ್ಟನ್ನು ತಾವೇ ಕಟ್ಟುವುದು ಹೇಗೆ?

ಬೆಂಗಳೂರು: ಅಂಗೈಯಗಲದ ಮೊಬೈಲಿನಲ್ಲಿ ಜಗತ್ತಿನ ಯಾವ ಮೂಲೆಯೊಂದಿಗೂ ಮಾತನಾಡಬಹುದಾದ ಈ ದಿನಗಳಲ್ಲಿ, ಹೈದರಾಬಾದಿನಲ್ಲಿರುವ ಒಬ್ಬ ಅಪರಿಚಿತರೊಂದಿಗೆ ಹತ್ತು ನಿಮಿಷ ಮಾತನಾಡುವ ಸಲುವಾಗಿ ತಿಂಗಳುಗಟ್ಟಲೆ ಬೆಸುಗೆ ಹಾಕುತ್ತ ಕೂರುವವರೂ ನಮ್ಮ ನಡುವೆ ಇದ್ದಾರೆಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಇವರು ಹವ್ಯಾಸಿ ಬಾನುಲಿ ಕೇಂದ್ರ ನಡೆಸುವವರು, ಆಡುಮಾತಿನಲ್ಲಿ ಹ್ಯಾಮ್‌ಗಳು. ಸರ್ಕಾರದಿಂದ ಪರವಾನಗಿ ಪಡೆದು, 'ವಿಯು2' ಅಥವಾ 'ವಿಯು3' ಎಂದು ಆರಂಭವಾಗುವ ಕರೆಸಂಕೇತದೊಂದಿಗೆ, ಯಾವುದೇ ವ್ಯಾಪಾರೋದ್ದೇಶವಿಲ್ಲದೆ ತಮ್ಮ ಮನೆಯಿಂದಲೇ ಪ್ರಸಾರ ಮಾಡುವ ಹಕ್ಕು ಇವರಿಗಿದೆ.

ಹ್ಯಾಮ್‌ಗಳಲ್ಲಿ ಹೆಚ್ಚಿನವರು ಕಾರ್ಖಾನೆಯಲ್ಲಿ ತಯಾರಾದ ಸೆಟ್ಟನ್ನು ಕೊಳ್ಳುತ್ತಾರೆ. ಒಂದು ಸಣ್ಣ ವರ್ಗ ಮಾತ್ರ ತನ್ನ ಸೆಟ್ಟನ್ನು ತಾನೇ ಕಟ್ಟುತ್ತದೆ. ಅವರ ಭಾಷೆಯಲ್ಲಿ ಇದಕ್ಕೆ 'ಹೋಂಬ್ರೂ' ಎಂದು ಹೆಸರು. ಹಣ ಉಳಿಸುವುದಕ್ಕಾಗಿ ಇವರು ಹೀಗೆ ಮಾಡುತ್ತಾರೆಂದು ಭಾವಿಸಿದರೆ ಅದು ಅರ್ಧ ಸತ್ಯ ಮಾತ್ರ. ಕೊಂಡ ಸೆಟ್ಟು ಕೆಟ್ಟರೆ ಅದು ಪೆಟ್ಟಿಗೆ ಸೇರಿ ಸೇವಾಕೇಂದ್ರಕ್ಕೆ ಪ್ರಯಾಣ ಹೊರಡುತ್ತದೆ. ಕಟ್ಟಿದ ಸೆಟ್ಟು ಕೆಟ್ಟರೆ ಅದೇ ಸಂಜೆ ಅದೇ ಮೇಜಿನ ಮೇಲೆ ಮತ್ತೆ ಮಾತನಾಡಬಲ್ಲದು. 2004ರ ಡಿಸೆಂಬರ್‌ನಲ್ಲಿ ಸುನಾಮಿ ಅಪ್ಪಳಿಸಿ ಅಂಡಮಾನ್‌ನ ದೂರವಾಣಿ ಸಂಪರ್ಕ ಕಡಿದುಹೋದಾಗ, ಬೇರೊಂದು ಉದ್ದೇಶಕ್ಕೆ ಪೋರ್ಟ್‌ಬ್ಲೇರ್‌ಗೆ ಹೋಗಿದ್ದ ಹ್ಯಾಮ್ ತಂಡವೇ ಹೊರಜಗತ್ತಿಗೆ ಸುದ್ದಿ ಮುಟ್ಟಿಸಲು ನೆರವಾಯಿತು. ಅಂಥ ಗಳಿಗೆಯಲ್ಲಿ ಸೆಟ್ಟು ಯಾವ ಕಂಪನಿಯದು ಎಂಬುದಕ್ಕಿಂತ, ಅದು ಕೈಕೊಟ್ಟರೆ ಸರಿಪಡಿಸಬಲ್ಲವರು ಅಲ್ಲಿದ್ದಾರೆಯೇ ಎಂಬುದು ಮುಖ್ಯವಾಗುತ್ತದೆ.

ಹೈದರಾಬಾದಿನ ಒಂದು ನಕ್ಷೆ

ಭಾರತದಲ್ಲಿ ಈ ಹವ್ಯಾಸದ ಕಥೆ ಹೇಳುವಾಗ ಬಿಟ್ಟುಬಿಡಲಾಗದ ಹೆಸರು 'ಬಿಟ್‌ಎಕ್ಸ್'. ಹೈದರಾಬಾದಿನ ಅಶ್ಹರ್ ಫರ್ಹಾನ್ (ಕರೆಸಂಕೇತ ವಿಯು2ಇಎಸ್‌ಇ) 2003ರಲ್ಲಿ ಈ ಟ್ರಾನ್ಸೀವರ್‌ನ, ಅಂದರೆ ಪ್ರಸಾರ ಮತ್ತು ಗ್ರಹಣ ಎರಡನ್ನೂ ಮಾಡುವ ಯಂತ್ರದ, ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ನೀಡಿದರು. 14 ಮೆಗಾಹರ್ಟ್ಸ್, ಅಂದರೆ 20 ಮೀಟರ್ ಪಟ್ಟಿಯಲ್ಲಿ ಸುಮಾರು 6 ವಾಟ್ ಶಕ್ತಿಯಲ್ಲಿ ಧ್ವನಿ ಪ್ರಸಾರ ಮಾಡುವ ಸೆಟ್ಟು ಅದು.

ಅದರ ವಿಶೇಷವಿದ್ದುದು ಬಿಡಿಭಾಗಗಳ ಆಯ್ಕೆಯಲ್ಲಿ. ವಿದೇಶಿ ಪುಸ್ತಕಗಳಲ್ಲಿನ ನಕ್ಷೆಗಳು ಕೇಳುವ ಟೊರಾಯ್ಡ್‌ಗಳು, ಅಂದರೆ ಸುರುಳಿ ಸುತ್ತುವ ಬಳೆಯಾಕಾರದ ಕಾಂತೀಯ ಉಂಗುರಗಳು, ನಮ್ಮ ಊರುಗಳ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಫರ್ಹಾನ್ ನಲ್ಲಿಗೆ ಹಾಕುವ ನೈಲಾನ್ ವಾಷರ್ ಮೇಲೆ ತಂತಿ ಸುತ್ತಿದರು! ಮಿಶ್ರಕದ ಟ್ರಾನ್ಸ್‌ಫಾರ್ಮರ್‌ಗಳಿಗೆ ಟಿವಿ ಆಂಟೆನಾದ ಬಾಲನ್‌ನಲ್ಲಿರುವ ಫೆರೈಟ್ ತುಂಡು ಒದಗಿತು. ಟ್ರಾನ್ಸಿಸ್ಟರ್‌ಗಳು ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಹಿಡಿಗಟ್ಟಲೆ ದೊರೆಯುವಂಥವು. ಸ್ಫಟಿಕಗಳು ಕಂಪ್ಯೂಟರ್ ಉಪಕರಣಗಳಲ್ಲಿ ಬಳಕೆಯಾಗುವ 10 ಮೆಗಾಹರ್ಟ್ಸ್‌ನವು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗಳಲ್ಲಿ ಒಂದು ಮಧ್ಯಾಹ್ನ ಅಲೆದರೆ ಇಡೀ ಪಟ್ಟಿ ಪೂರ್ಣವಾಗುವಂತೆ ಆ ನಕ್ಷೆ ರೂಪುಗೊಂಡಿತ್ತು. ಭಾರತೀಯ ಮಾರುಕಟ್ಟೆಯ ಕೊರತೆಯಿಂದ ಹುಟ್ಟಿದ ಈ ವಿನ್ಯಾಸವನ್ನು ಮುಂದೆ ವಿದೇಶಗಳ ಹ್ಯಾಮ್‌ಗಳೂ ಉತ್ಸಾಹದಿಂದ ಕಟ್ಟಿದ್ದು ಅದರ ಗಟ್ಟಿತನಕ್ಕೆ ಸಾಕ್ಷಿ.

ಒಂದೇ ದಾರಿ, ಎರಡು ದಿಕ್ಕು

ಬಿಟ್‌ಎಕ್ಸ್‌ನ ಒಳಗುಟ್ಟು ತಿಳಿಯಬೇಕಾದರೆ ಸಿಂಗಲ್ ಸೈಡ್‌ಬ್ಯಾಂಡ್ ಎಂಬ ಪದ್ಧತಿಯ ಪರಿಚಯ ಅಗತ್ಯ. ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರದಲ್ಲಿ ನಡುವೆ ಒಂದು ವಾಹಕ ತರಂಗ, ಅದರ ಎಡಬಲಗಳಲ್ಲಿ ಧ್ವನಿಯನ್ನು ಹೊತ್ತ ಎರಡು ಪಾರ್ಶ್ವಪಟ್ಟಿಗಳು ಇರುತ್ತವೆ. ಎರಡು ಪಾರ್ಶ್ವಪಟ್ಟಿಗಳಲ್ಲಿ ಇರುವುದು ಒಂದೇ ಮಾತು. ವಾಹಕದಲ್ಲಂತೂ ಮಾತೇ ಇಲ್ಲ. ಆದರೂ ಪೂರ್ಣ ಪ್ರಮಾಣದ ಪ್ರಸಾರದಲ್ಲಿಯೂ ಒಟ್ಟು ಶಕ್ತಿಯ ಮೂರರಲ್ಲಿ ಎರಡು ಪಾಲನ್ನು ಅದೇ ನುಂಗುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಕೇಂದ್ರಕ್ಕೆ ಈ ದುಂದು ಸಲ್ಲದು. ಆದ್ದರಿಂದ ವಾಹಕವನ್ನೂ ಒಂದು ಪಾರ್ಶ್ವಪಟ್ಟಿಯನ್ನೂ ಕತ್ತರಿಸಿ, ಉಳಿದ ಒಂದನ್ನು ಮಾತ್ರ ಕಳುಹಿಸಲಾಗುತ್ತದೆ.

ಕತ್ತರಿಸುವ ಕೆಲಸ ಸ್ಫಟಿಕಗಳದು. ಒಂದೇ ಕಂಪನಾಂಕದ ನಾಲ್ಕು ಸ್ಫಟಿಕಗಳನ್ನು ಏಣಿಯಂತೆ ಜೋಡಿಸಿದರೆ, ಮನುಷ್ಯನ ಧ್ವನಿಗೆ ಬೇಕಾದಷ್ಟೇ ಅಗಲದ ಒಂದು ಕಿಂಡಿ ಸಿದ್ಧವಾಗುತ್ತದೆ. ಮೈಕಿನಿಂದ ಬಂದ ಮಾತು ಮೊದಲು 10 ಮೆಗಾಹರ್ಟ್ಸ್ ಕಂಪನಾಂಕಕ್ಕೆ ಏರಿ, ಈ ಕಿಂಡಿಯಲ್ಲಿ ಸೋಸಿ, ಬಳಿಕ 4.2 ಮೆಗಾಹರ್ಟ್ಸ್‌ನ ಮತ್ತೊಂದು ಆಂದೋಲಕದೊಂದಿಗೆ ಬೆರೆತು 14.2 ಮೆಗಾಹರ್ಟ್ಸ್ ಆಗಿ ಹೊರಬೀಳುತ್ತದೆ. ಈ ಎರಡನೆಯ ಆಂದೋಲಕವನ್ನು ತಿರುಗಿಸಿದರೆ ನಿಲ್ದಾಣ ಬದಲಾಗುತ್ತದೆ. ಗ್ರಹಣದಲ್ಲಿ ಇದೆಲ್ಲವೂ ಹಿಮ್ಮುಖ: ಆಂಟೆನಾದಿಂದ ಬಂದ 14.2ರಲ್ಲಿ 4.2 ಕಳೆದರೆ 10. ಮತ್ತೆ ಅದೇ ಕಿಂಡಿ. ಕೊನೆಗೆ ಕಿವಿಗೆ ಕೇಳುವ ಮಾತು.

ಸಾಮಾನ್ಯವಾಗಿ ಇವೆರಡಕ್ಕೂ ಬೇರೆ ಬೇರೆ ಮಂಡಲಗಳು ಬೇಕು, ಇಲ್ಲವೇ ಹಲವು ಸ್ವಿಚ್ಚುಗಳು ಬೇಕು. ಬಿಟ್‌ಎಕ್ಸ್‌ನಲ್ಲಿ ಎರಡು ಟ್ರಾನ್ಸಿಸ್ಟರ್ ವರ್ಧಕಗಳು ಒಂದಕ್ಕೊಂದು ಬೆನ್ನು ಮಾಡಿ ಒಂದೇ ಜಾಗದಲ್ಲಿ ಕುಳಿತಿರುತ್ತವೆ. ಯಾವುದಕ್ಕೆ ವಿದ್ಯುತ್ ದೊರೆಯುವುದೋ ಆ ದಿಕ್ಕಿಗೆ ಸಂಕೇತ ಹರಿಯುತ್ತದೆ. ಮೈಕಿನ ಗುಂಡಿ ಒತ್ತಿದರೆ ಒಂದು ಸಾಲಿನ ವರ್ಧಕಗಳು ಮಲಗಿ ಇನ್ನೊಂದು ಸಾಲು ಏಳುತ್ತದೆ. ಕಿರಿದಾದ ಸೇತುವೆಯ ಮೇಲೆ ಪೊಲೀಸ್ ಪೇದೆ ಒಮ್ಮೆ ಈ ಕಡೆಯ, ಒಮ್ಮೆ ಆ ಕಡೆಯ ವಾಹನ ಬಿಡುವಂತೆ ಎನ್ನಬಹುದು. ಕಟ್ಟುವವನಿಗೆ ಇದರಿಂದ ದೊಡ್ಡ ಅನುಕೂಲವಿದೆ. ಸೆಟ್ಟು ಚೆನ್ನಾಗಿ ಕೇಳುತ್ತಿದೆಯೆಂದರೆ ಅದರ ಆಂದೋಲಕಗಳು, ಸ್ಫಟಿಕದ ಕಿಂಡಿ, ಮಿಶ್ರಕಗಳೆಲ್ಲ ಸರಿಯಿವೆ ಎಂದಾಯಿತು. ಪ್ರಸಾರದ ಬಹುಪಾಲು ಆಗಲೇ ಸಿದ್ಧ.

ಮೊದಲು ಕಿವಿ, ಆಮೇಲೆ ಬಾಯಿ

ಆದ್ದರಿಂದಲೇ ಅನುಭವಿಗಳು ಎಲ್ಲ ಬಿಡಿಭಾಗಗಳನ್ನು ಒಮ್ಮೆಗೇ ಜೋಡಿಸಿ ಸ್ವಿಚ್ ಹಾಕುವುದಿಲ್ಲ. ಸ್ಪೀಕರಿನ ಬದಿಯಿಂದ ಆರಂಭಿಸಿ ಆಂಟೆನಾದತ್ತ ಹಿಂದಕ್ಕೆ ನಡೆಯುತ್ತಾರೆ. ಮೊದಲು ಧ್ವನಿವರ್ಧಕ ಮಂಡಲ. ಅದರ ಪ್ರವೇಶ ತುದಿಯನ್ನು ಸ್ಕ್ರೂಡ್ರೈವರ್‌ನ ಲೋಹದ ಭಾಗದಿಂದ ಮುಟ್ಟಿದಾಗ ಸ್ಪೀಕರ್ ಗುಂಯ್‌ಗುಟ್ಟಿದರೆ ಮುಂದಿನ ಹಂತ. ಅದಿಲ್ಲದೆ ಮುಂದಕ್ಕೆ ಹೋಗುವುದೇ ಇಲ್ಲ.

ಮುದ್ರಿತ ಹಲಗೆಯೇ ಬೇಕೆಂದಿಲ್ಲ. ತಾಮ್ರ ಹೊದಿಸಿದ ಒಂದು ಖಾಲಿ ಹಲಗೆಯನ್ನು ನೆಲವೆಂದು ಭಾವಿಸಿ, ಬಿಡಿಭಾಗಗಳನ್ನು ಅದರ ಮೇಲೆ ಗಾಳಿಯಲ್ಲೇ ಒಂದಕ್ಕೊಂದು ಬೆಸೆಯುವ ಪದ್ಧತಿಯೂ ಇದೆ. ನೋಡಲು ಜೇಡನ ಬಲೆಯಂತೆ ಕಂಡರೂ ಉಚ್ಚ ಕಂಪನಾಂಕದಲ್ಲಿ ಇದರ ವರ್ತನೆ ಬಹಳ ಸೌಮ್ಯ. ಕೆಳಗೆ ವಿಶಾಲವಾದ ತಾಮ್ರದ ನೆಲ ಇರುವುದೇ ಅದಕ್ಕೆ ಕಾರಣ.

ಹೊಸಬರನ್ನು ಕಾಡುವುದು ಸುರುಳಿಗಳು. ಮಿಶ್ರಕದ ಟ್ರಾನ್ಸ್‌ಫಾರ್ಮರ್‌ಗೆ ಮೂರು ಎನಾಮಲ್ ತಂತಿಗಳನ್ನು ಜಡೆಯಂತೆ ಹೆಣೆದು ಸುತ್ತಬೇಕು. ನಂತರ ಒಂದು ತಂತಿಯ ಕೊನೆಯನ್ನು ಇನ್ನೊಂದರ ಆರಂಭಕ್ಕೆ ಸೇರಿಸಬೇಕು. ಆರು ತುದಿಗಳಲ್ಲಿ ಯಾವುದು ಯಾವುದರದ್ದೆಂದು ಮಲ್ಟಿಮೀಟರ್‌ನಲ್ಲಿ ಗುರುತಿಸದೆ ಅಂದಾಜಿನ ಮೇಲೆ ಬೆಸೆದರೆ ಮಿಶ್ರಕ ಸತ್ತಂತೆಯೇ. ಎನಾಮಲ್ ಕೆರೆಯದೆ ಬೆಸುಗೆ ಹಾಕುವುದು ಇನ್ನೊಂದು ತಪ್ಪು. ಮೇಲ್ನೋಟಕ್ಕೆ ಹೊಳೆಯುವ ಬೆಸುಗೆ, ಒಳಗೆ ಸಂಪರ್ಕವೇ ಇಲ್ಲ.

ತೇಲಿಹೋಗುವ ನಿಲ್ದಾಣ

ಕಟ್ಟಿ ಮುಗಿಸಿದ ಸೆಟ್ಟಿನ ಮೊದಲ ದೂರು ಸಾಮಾನ್ಯವಾಗಿ ಒಂದೇ: ಮಾತು ನಿಧಾನವಾಗಿ ಬಾತುಕೋಳಿಯ ಕೂಗಾಗುತ್ತದೆ. ಸುರುಳಿ ಮತ್ತು ಕೆಪ್ಯಾಸಿಟರ್‌ಗಳಿಂದಾದ ಆಂದೋಲಕ ಬಿಸಿಯೇರಿದಂತೆ ತನ್ನ ಕಂಪನಾಂಕವನ್ನು ಬದಲಿಸುತ್ತದೆ. ಸಿಂಗಲ್ ಸೈಡ್‌ಬ್ಯಾಂಡ್‌ನಲ್ಲಿ ನೂರು ಹರ್ಟ್ಸ್ ಜಾರಿದರೂ ಧ್ವನಿ ವಿಕಾರಗೊಳ್ಳುತ್ತದೆ. ಉಷ್ಣತೆಗೆ ಮಣಿಯದ ಎನ್‌ಪಿಒ ಕೆಪ್ಯಾಸಿಟರ್ ಹಾಕುವುದು, ಸುರುಳಿಯನ್ನು ಮೇಣ ಅಥವಾ ಅಂಟಿನಿಂದ ಬಿಗಿಯುವುದು, ಆ ಭಾಗವನ್ನು ತಗಡಿನ ಡಬ್ಬಿಯಲ್ಲಿ ಮುಚ್ಚುವುದು, ಫ್ಯಾನಿನ ಗಾಳಿಯಿಂದ ದೂರವಿಡುವುದು ಇದಕ್ಕೆ ಹಳೆಯ ಮದ್ದುಗಳು. ಇಷ್ಟಾದರೂ ಸ್ವಿಚ್ ಹಾಕಿದ ಮೇಲೆ ಕಾಲು ಗಂಟೆ ಕಾಯುವುದು ರೂಢಿಯಾಗಿತ್ತು.

2016ರಲ್ಲಿ ಫರ್ಹಾನ್ 7 ಮೆಗಾಹರ್ಟ್ಸ್ ಪಟ್ಟಿಗೆಂದು 'ಬಿಟ್‌ಎಕ್ಸ್40' ಹೊರತಂದರು. ಇದು ಬರೇ ನಕ್ಷೆಯಲ್ಲ. ಭಾಗಗಳನ್ನು ಕೂರಿಸಿ ಪರೀಕ್ಷಿಸಿದ ಸಿದ್ಧ ಹಲಗೆ. ಹೈದರಾಬಾದಿನ ಮಹಿಳೆಯರ ಒಂದು ಗುಂಪು ಈ ಜೋಡಣೆಯ ಕೆಲಸದಲ್ಲಿ ತೊಡಗಿತ್ತು. ಕೊಂಡವರು ಸ್ಪೀಕರ್, ಮೈಕು, ಡಬ್ಬಿ, ಆಂಟೆನಾ ಸೇರಿಸಿದರೆ ಸಾಕು. ಬೆನ್ನಲ್ಲೇ ತೇಲುವ ಆಂದೋಲಕಕ್ಕೆ ಬದಲಾಗಿ 'ರಾಡುಯಿನೊ' ಎಂಬ ಪುಟ್ಟ ಹಲಗೆ ಬಂತು. ಆರ್ಡುಯಿನೊ ನ್ಯಾನೊ ಎಂಬ ಕಿರು ನಿಯಂತ್ರಕ, ಎಸ್‌ಐ5351 ಎಂಬ ಚಿಪ್ಪಿಗೆ ಬೇಕಾದ ಕಂಪನಾಂಕವನ್ನು ಆದೇಶಿಸುತ್ತದೆ. ಸಣ್ಣ ಪರದೆಯ ಮೇಲೆ ಅಂಕಿ ಮೂಡುತ್ತದೆ. ಅದರ ತಂತ್ರಾಂಶವೂ ಮುಕ್ತವಾಗಿದ್ದುದರಿಂದ ಬೆಸುಗೆ ಕಡ್ಡಿ ಮುಟ್ಟದ ಮಾರ್ಪಾಡುಗಳ ಹೊಸ ಬಾಗಿಲೇ ತೆರೆಯಿತು. ಒಬ್ಬರು ಮೋರ್ಸ್ ಸೌಲಭ್ಯ ಸೇರಿಸಿದರೆ ಮತ್ತೊಬ್ಬರು ನಿಲ್ದಾಣ ನೆನಪಿಡುವ ಸೌಲಭ್ಯ ಬರೆದರು. ಆದರೆ ಹೊಸ ಅತಿಥಿ ತನ್ನದೇ ಗದ್ದಲವನ್ನೂ ತಂದ. ನಿಯಂತ್ರಕದ, ಪರದೆಯ ಡಿಜಿಟಲ್ ಸದ್ದು ಗ್ರಾಹಕದೊಳಗೆ ನುಸುಳತೊಡಗಿತು. ಪರಿಹಾರ ಮತ್ತೆ ಅದೇ ತಗಡಿನ ಡಬ್ಬಿ.

ಇನ್ನು ಸ್ವಯಂಚಾಲಿತ ಧ್ವನಿ ನಿಯಂತ್ರಣ. ಬಿಟ್‌ಎಕ್ಸ್40ರಲ್ಲಿ ಅದು ಇರಲಿಲ್ಲ. ದೂರದ ಕ್ಷೀಣ ದನಿಗಾಗಿ ವಾಲ್ಯೂಮ್ ಏರಿಸಿ ಕುಳಿತಾಗ ಪಕ್ಕದ ಬಡಾವಣೆಯ ಹ್ಯಾಮ್ ಬಾಯಿ ತೆರೆದರೆ ಹೆಡ್‌ಫೋನ್ ಕಿತ್ತೆಸೆಯುವ ಸ್ಥಿತಿ! ಒಂದೆರಡು ಟ್ರಾನ್ಸಿಸ್ಟರ್‌ಗಳಿಂದ ಅದನ್ನು ಸೇರಿಸುವುದು ಅನೇಕರ ಮೊದಲ ಮಾರ್ಪಾಡಾಗಿತ್ತು.

ಮೂಕ ಸೆಟ್ಟಿನ ಮುಂದೆ

ಕಟ್ಟಿದ ಸೆಟ್ಟು ಮೊದಲ ದಿನವೇ ಮಾತನಾಡುವುದು ಅಪರೂಪ. ಆಗ ಕಣ್ಣಿಗೆ ಬಿದ್ದ ಬಿಡಿಭಾಗಗಳನ್ನೆಲ್ಲ ಬದಲಿಸುವವರು ಇದ್ದ ಒಂದು ದೋಷವನ್ನು ಮೂರು ಮಾಡಿಕೊಳ್ಳುತ್ತಾರೆ. ಹಳಬರ ಕ್ರಮ ಬೇರೆ. ಮೊದಲು ವಿದ್ಯುತ್ ಕಡಿದು, ಭೂತಗನ್ನಡಿ ಹಿಡಿದು ಬರೇ ನೋಡುವುದು. ಡಯೋಡ್ ತಿರುಗುಮುರುಗಾಗಿದೆಯೇ, ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ನ ಋಣ ತುದಿ ಸರಿಯಿದೆಯೇ, ಎರಡು ಬೆಸುಗೆಗಳ ನಡುವೆ ಸೀಸದ ಎಳೆ ಉಳಿದಿದೆಯೇ? ಅರ್ಧಕ್ಕರ್ಧ ದೋಷಗಳು ಇಲ್ಲೇ ಸಿಕ್ಕಿಬೀಳುತ್ತವೆ ಎನ್ನುವುದು ಈ ವಲಯದ ಸಾಮಾನ್ಯ ಮಾತು.

ಮೊದಲ ಬಾರಿ ವಿದ್ಯುತ್ ಕೊಡುವಾಗ 12 ವೋಲ್ಟ್‌ನ ಒಂದು ವಾಹನ ಬಲ್ಬನ್ನು ಸರಣಿಯಲ್ಲಿ ಸೇರಿಸುವ ಅಭ್ಯಾಸ ಅನುಕರಣೀಯ. ಒಳಗೆ ಎಲ್ಲೋ ಶಾರ್ಟ್ ಇದ್ದರೆ ಬಲ್ಬು ಧಗ್ಗನೆ ಉರಿಯುತ್ತದೆ, ಟ್ರಾನ್ಸಿಸ್ಟರ್ ಉಳಿಯುತ್ತದೆ. ಬಲ್ಬು ಮಂಕಾಗಿಯೇ ಉಳಿದರೆ ಮಲ್ಟಿಮೀಟರ್ ಹಿಡಿದು ಪ್ರತಿ ಟ್ರಾನ್ಸಿಸ್ಟರ್‌ನ ಬೇಸ್ ಮತ್ತು ಎಮಿಟರ್ ನಡುವೆ ಅಳೆಯಬೇಕು. ಸಿಲಿಕಾನ್ ಟ್ರಾನ್ಸಿಸ್ಟರ್ ಎಚ್ಚರವಾಗಿದ್ದರೆ ಅಲ್ಲಿ 0.6ರಿಂದ 0.7 ವೋಲ್ಟ್ ಕಾಣುತ್ತದೆ. ಸೊನ್ನೆ ಕಂಡರೆ ಅದಕ್ಕೆ ಊಟವೇ ತಲುಪಿಲ್ಲ. 2 ವೋಲ್ಟ್ ಕಂಡರೆ ಅದು ಸತ್ತಿದೆ.

ಮಲ್ಟಿಮೀಟರ್‌ಗೆ ಉಚ್ಚ ಕಂಪನಾಂಕ ಕಾಣದು. ಆಸಿಲೊಸ್ಕೋಪ್ ಎಲ್ಲರ ಬಳಿ ಇರುವುದಿಲ್ಲ. ಒಂದು ಡಯೋಡ್, ಒಂದು ಕೆಪ್ಯಾಸಿಟರ್, ಒಂದು ರೆಸಿಸ್ಟರ್ ಸೇರಿಸಿ ಹಳೆಯ ಬಾಲ್‌ಪೆನ್ನಿನ ಕೊಳವೆಯಲ್ಲಿ ಕೂರಿಸಿದರೆ ಆರ್‌ಎಫ್ ಪ್ರೋಬ್ ಸಿದ್ಧ. ಆಂದೋಲಕದ ತುದಿಗೆ ಇದನ್ನು ತಾಗಿಸಿದಾಗ ಮೀಟರಿನ ಮುಳ್ಳು ಅಲುಗಿದರೆ ಅಲ್ಲಿ ಜೀವವಿದೆ ಎಂದರ್ಥ. ಪಕ್ಕದಲ್ಲೊಂದು ಶಾರ್ಟ್‌ವೇವ್ ರೇಡಿಯೊ ಇದ್ದರೆ ಇನ್ನೂ ಒಳ್ಳೆಯದು. ಆಂದೋಲಕ ನಿಜಕ್ಕೂ ಯಾವ ಕಂಪನಾಂಕದಲ್ಲಿದೆ ಎಂಬುದನ್ನು ಅದರಲ್ಲೇ ಕೇಳಬಹುದು.

ಲಕ್ಷಣ ನೋಡಿ ರೋಗ ಹೇಳುವುದೂ ಸಾಧ್ಯ. ಸ್ಪೀಕರಿನಲ್ಲಿ ಭೋರೆಂಬ ಸದ್ದಿದ್ದು, ಆಂಟೆನಾ ಸೇರಿಸಿದಾಗ ಸದ್ದು ಏರದಿದ್ದರೆ ಮುಂಭಾಗದ ಫಿಲ್ಟರ್ ಅಥವಾ ಮೊದಲ ಮಿಶ್ರಕದ ಸುರುಳಿಯ ಮೇಲೆ ಗುಮಾನಿ. ಕೇಂದ್ರಗಳು ಕೇಳಿಬಂದರೂ ಎಲ್ಲರ ದನಿ ಕೀರಲಾಗಿದ್ದರೆ, ಇಲ್ಲವೇ ಕಂಬಳಿ ಹೊದ್ದು ಮಾತನಾಡಿದಂತಿದ್ದರೆ, 10 ಮೆಗಾಹರ್ಟ್ಸ್ ಆಂದೋಲಕ ಸ್ಫಟಿಕದ ಕಿಂಡಿಯ ಅಂಚಿಗೆ ಸರಿಯಾಗಿ ಕುಳಿತಿಲ್ಲ. ಟ್ರಿಮ್ಮರ್ ಕೂದಲೆಳೆಯಷ್ಟು ತಿರುಗಿಸಿದರೆ ದನಿ ತಿಳಿಯಾಗುತ್ತದೆ. ಮಾತನಾಡದೆ ಗುಂಡಿ ಒತ್ತಿದರೂ ಶಕ್ತಿ ಮಾಪಕ ಏರಿದರೆ ಎರಡು ಸಾಧ್ಯತೆಗಳಿವೆ: ವಾಹಕ ಪೂರ್ಣ ಅಳಿದಿಲ್ಲ, ಅಥವಾ ಅಂತಿಮ ವರ್ಧಕ ತಾನೇ ಆಂದೋಲಕವಾಗಿ ಕೂಗುತ್ತಿದೆ. ಮೊದಲನೆಯದನ್ನು ಬ್ಯಾಲೆನ್ಸ್ ಪ್ರಿಸೆಟ್ ತಿರುಗಿಸಿ ಸರಿಪಡಿಸಬಹುದು. ಎರಡನೆಯದಕ್ಕೆ ಪ್ರವೇಶ ಮತ್ತು ನಿರ್ಗಮನದ ತಂತಿಗಳನ್ನು ದೂರ ಸರಿಸಿ, ನೆಲದ ಸಂಪರ್ಕವನ್ನು ಮೊಟಕುಗೊಳಿಸಬೇಕು.

ಈ ಪರೀಕ್ಷೆಗಳನ್ನೆಲ್ಲ ಆಂಟೆನಾ ಸೇರಿಸಿ ಮಾಡುವುದು ಅಕ್ಷಮ್ಯ. ಊರಿಗೆಲ್ಲ ನಮ್ಮ ದುರಸ್ತಿಯ ಗದ್ದಲ ಕೇಳಿಸಬೇಕಾಗಿಲ್ಲ. 1 ಕಿಲೊಓಮ್‌ನ, 2 ವಾಟ್‌ನ ಇಪ್ಪತ್ತು ಕಾರ್ಬನ್ ರೆಸಿಸ್ಟರ್‌ಗಳನ್ನು ಸಮಾನಾಂತರವಾಗಿ ಬೆಸೆದರೆ 50 ಓಮ್‌ನ, 40 ವಾಟ್ ತಾಳುವ ಕೃತಕ ಹೊರೆ ದೊರೆಯುತ್ತದೆ. ಪ್ರಸಾರದ ಶಕ್ತಿ ಅದರಲ್ಲಿ ಬಿಸಿಯಾಗಿ ಕರಗುತ್ತದೆ.

ಬಲಿಪಶು ಐಆರ್‌ಎಫ್510

ಬಿಟ್‌ಎಕ್ಸ್ ಕಟ್ಟುವವರ ಮೇಜಿನಲ್ಲಿ ಅತಿ ಹೆಚ್ಚು ಪ್ರಾಣ ಕಳೆದುಕೊಂಡಿರುವುದು ಬಹುಶಃ ಐಆರ್‌ಎಫ್510 ಎಂಬ ಅಂತಿಮ ಘಟ್ಟದ ಟ್ರಾನ್ಸಿಸ್ಟರ್. ಇದು ರೇಡಿಯೊಗಾಗಿ ತಯಾರಾದುದಲ್ಲ, ವಿದ್ಯುತ್ ಪೂರೈಕೆ ಘಟಕಗಳಲ್ಲಿ ಸ್ವಿಚ್ಚಾಗಿ ದುಡಿಯಬೇಕಾದದ್ದು. ಅಗ್ಗವೆಂಬ ಕಾರಣಕ್ಕೆ ಹ್ಯಾಮ್‌ಗಳು ಅದಕ್ಕೆ ಈ ಹೊಸ ಉದ್ಯೋಗ ಕೊಟ್ಟರು. ಇದರ ಲೋಹದ ಬೆನ್ನು ಒಳಗಿನ ಡ್ರೈನ್ ತುದಿಗೆ ನೇರ ಸೇರಿದೆ. ಅಭ್ರಕದ ಹಾಳೆ ಇಡದೆ ಸೆಟ್ಟಿನ ಲೋಹದ ಡಬ್ಬಿಗೆ ಬಿಗಿದರೆ ವಿದ್ಯುತ್ ಪೂರೈಕೆಯೇ ಶಾರ್ಟ್ ಆಗುತ್ತದೆ. ಬಯಾಸ್ ಪ್ರಿಸೆಟ್ಟನ್ನು ಕನಿಷ್ಠದಲ್ಲಿಟ್ಟು, ಸರಣಿಯಲ್ಲಿ ಆಮ್ಮೀಟರ್ ಸೇರಿಸಿ, ಮೌನದಲ್ಲಿ ಗುಂಡಿ ಒತ್ತಿ, ಪ್ರವಾಹ ಸುಮಾರು 100 ಮಿಲಿಆಂಪಿಯರ್ ಏರುವವರೆಗೆ ಮಾತ್ರ ನಿಧಾನವಾಗಿ ತಿರುಗಿಸಬೇಕು. ಪ್ರಿಸೆಟ್ ತಪ್ಪು ಕೊನೆಯಲ್ಲಿದ್ದರೆ ಗುಂಡಿ ಒತ್ತಿದ ಕ್ಷಣವೇ ಕಥೆ ಮುಗಿಯುತ್ತದೆ.

ಬಿಟ್‌ಎಕ್ಸ್40ರಲ್ಲಿ ಈ ಘಟ್ಟಕ್ಕೆ ಪ್ರತ್ಯೇಕ ವಿದ್ಯುತ್ ತಂತಿ ಇದ್ದುದರಿಂದ, 12ರ ಬದಲು 24 ವೋಲ್ಟ್ ಕೊಟ್ಟು 7 ವಾಟನ್ನು ಹಿಗ್ಗಿಸುವ ಆಸೆ ಅನೇಕರನ್ನು ಸೆಳೆಯಿತು. ಲೆಕ್ಕ ಹಾಕಿದರೆ ಇದರ ಲಾಭ ಅಲ್ಪ. ಶಕ್ತಿ ನಾಲ್ಕು ಪಟ್ಟಾದರೆ ಕೇಳುವವರ ಎಸ್ ಮಾಪಕದಲ್ಲಿ ಕಾಣುವುದು ಒಂದೇ ಮನೆ ಏರಿಕೆ. ಎರಡು ಕಂಬಗಳ ನಡುವೆ ಎತ್ತರದಲ್ಲಿ ಕಟ್ಟಿದ ಸುಮಾರು 20 ಮೀಟರ್ ಉದ್ದದ ಡೈಪೋಲ್ ತಂತಿ, ಈ 7 ವಾಟನ್ನೇ ಹಗಲು ಹೊತ್ತಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಸರಾಗವಾಗಿ ಮುಟ್ಟಿಸಬಲ್ಲದು.

2018ರ ಎಚ್ಚರಿಕೆ

ಮುಂದೆ ಬಂದ 'ಮೈಕ್ರೊ ಬಿಟ್‌ಎಕ್ಸ್' ಮಹತ್ವಾಕಾಂಕ್ಷೆಯ ಸೆಟ್ಟು. 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಹ್ಯಾಮ್ ಪಟ್ಟಿಗಳೆಲ್ಲ ಒಂದೇ ಹಲಗೆಯಲ್ಲಿ, ಸುಮಾರು 10 ವಾಟ್. ಅದು ಸಾವಿರಾರು ಕೈ ಸೇರುತ್ತಿದ್ದ 2018ರಲ್ಲಿ, ಸ್ಪೆಕ್ಟ್ರಂ ಅನಲೈಸರ್ ಇದ್ದ ಹ್ಯಾಮ್‌ಗಳು ಅಹಿತಕರ ಸಂಗತಿಯೊಂದನ್ನು ಕಂಡುಕೊಂಡರು. ಸೆಟ್ಟು ತನ್ನ ಕಂಪನಾಂಕದ ಜೊತೆಗೆ ಅದರ ಎರಡು, ಮೂರು ಪಟ್ಟಿನ ಮರಿತರಂಗಗಳನ್ನೂ, ಕೆಲವು ಪಟ್ಟಿಗಳಲ್ಲಿ ಬೇರೆ ಅನಪೇಕ್ಷಿತ ತರಂಗಗಳನ್ನೂ ಅನುಮತಿಗಿಂತ ಹೆಚ್ಚಾಗಿ ಹೊರಬಿಡುತ್ತಿತ್ತು.

ಇವನ್ನು ತಡೆಯುವ ಫಿಲ್ಟರ್‌ಗಳು ಹಲಗೆಯ ಮೇಲೆ ಇದ್ದವು. ಆದರೆ ಫಿಲ್ಟರ್‌ನ ಪ್ರವೇಶ ಮತ್ತು ನಿರ್ಗಮನ ಎರಡೂ ಒಂದೇ ರಿಲೇಯ ಅಕ್ಕಪಕ್ಕದ ಸಂಪರ್ಕಗಳ ಮೂಲಕ ಹಾದುಹೋಗುತ್ತಿದ್ದವು. ಸೋಸಬೇಕಾದ ಕೊಳೆನೀರು ಜಾಲರಿಯನ್ನು ಬಳಸಿಕೊಂಡು ಪಕ್ಕದ ಸಂದಿಯಿಂದ ಹರಿದುಬಂದಂತೆ, ಮರಿತರಂಗಗಳು ಫಿಲ್ಟರ್ ತಪ್ಪಿಸಿ ಹಾರುತ್ತಿದ್ದವು. ನಕ್ಷೆ ಎಷ್ಟು ನೋಡಿದರೂ ಈ ದೋಷ ಕಾಣದು. ಅದು ಇದ್ದುದು ಹಲಗೆಯ ಮೇಲಿನ ಜಾಗದ ಹಂಚಿಕೆಯಲ್ಲಿ.

ಮುಂದೆ ನಡೆದದ್ದು ಈ ಹವ್ಯಾಸದ ಸ್ವಭಾವವನ್ನು ತೋರಿಸುತ್ತದೆ. ದೋಷ ಬಹಿರಂಗವಾಗಿಯೇ ಚರ್ಚೆಗೆ ಬಂತು. ರಿಲೇ ಬದಲಿಸಿದವರು, ತಾಮ್ರದ ಗೆರೆ ಕಡಿದು ಏಕಾಕ್ಷ ಕೇಬಲ್ ಹಾಸಿದವರು, ಹೊರಗೆ ಪ್ರತ್ಯೇಕ ಫಿಲ್ಟರ್ ಹಲಗೆ ಸೇರಿಸಿದವರು ತಮ್ಮ ತಮ್ಮ ಅಳತೆಗಳನ್ನು ಪರಸ್ಪರ ಹಂಚಿಕೊಂಡರು. 2019ರ ಐದನೆಯ ಆವೃತ್ತಿಯಲ್ಲಿ ರಿಲೇಗಳ ವಿನ್ಯಾಸವೇ ಬದಲಾಯಿತು. ಹಳೆಯ ಆವೃತ್ತಿಯ ಹಲಗೆಯನ್ನು ಇಂದು ಯಾರಿಂದಲಾದರೂ ಕೊಳ್ಳುವವರು ಈ ತಿದ್ದುಪಡಿ ಆಗಿದೆಯೇ ಎಂದು ಮೊದಲು ವಿಚಾರಿಸುವುದು ಲೇಸು. ಕೆಟ್ಟ ಗ್ರಾಹಕದಿಂದ ತೊಂದರೆ ತನಗೊಬ್ಬನಿಗೆ. ಕೊಳಕು ಪ್ರಸಾರದಿಂದ ತೊಂದರೆ ಆ ಕಂಪನಾಂಕಗಳಲ್ಲಿ ದುಡಿಯುವ ಇತರ ಸೇವೆಗಳಿಗೆ. ಹೊಣೆ ಮಾತ್ರ ಪರವಾನಗಿ ಹೊಂದಿದವರದ್ದೇ, ಹಲಗೆ ಮಾರಿದವರದ್ದಲ್ಲ.

ಆರಂಭಿಸುವವರಿಗೆ

ಪ್ರಸಾರ ಮಾಡಲು ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯುವುದು ಕಡ್ಡಾಯ. ಮೂಲ ಎಲೆಕ್ಟ್ರಾನಿಕ್ಸ್ ಮತ್ತು ನಿಯಮಾವಳಿ ಪರೀಕ್ಷೆಯ ವಿಷಯಗಳು. ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಈ ಹವ್ಯಾಸದ ತರಬೇತಿಯಲ್ಲಿ ಬಹುಕಾಲದಿಂದ ತೊಡಗಿರುವ ಸಂಸ್ಥೆ. ಭಾರತದಲ್ಲಿ 40 ಮೀಟರ್ ಪಟ್ಟಿ 7.0ರಿಂದ 7.2 ಮೆಗಾಹರ್ಟ್ಸ್‌ವರೆಗೆ, ಮೊದಲ ಸೆಟ್ಟಿಗೆ ಇದೇ ಸೂಕ್ತ.

ನಗರವಾಸಿಗಳಿಗೆ ಇನ್ನೊಂದು ತೊಡಕಿದೆ. ಅಪಾರ್ಟ್‌ಮೆಂಟಿನ ನೂರಾರು ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್‌ಗಳು ಈ ಪಟ್ಟಿಯಲ್ಲಿ ನಿರಂತರ ಗುಯ್‌ಗುಡುತ್ತವೆ. ಹೊಸದಾಗಿ ಕಟ್ಟಿದ ಸೆಟ್ಟು ಕಿವುಡೆಂದು ತೀರ್ಮಾನಿಸುವ ಮುನ್ನ ಅದನ್ನು ಬ್ಯಾಟರಿಯ ಮೇಲೆ ನಡೆಸಿ, ಮನೆಯ ಮೇನ್ ಸ್ವಿಚ್ ಐದು ನಿಮಿಷ ಆರಿಸಿ ಕೇಳಿ ನೋಡಬೇಕು. ಬ್ಯಾಟರಿಯ ಸಾಲಿನಲ್ಲಿ ಫ್ಯೂಸ್ ಮತ್ತು ತಿರುಗುಮುರುಗು ಜೋಡಣೆ ತಡೆಯುವ ಡಯೋಡ್ ಇರಲಿ. ಆಂಟೆನಾ ತಂತಿ ಬೀದಿಯ ವಿದ್ಯುತ್ ತಂತಿಗಳ ಮೇಲಾಗಲಿ ಕೆಳಗಾಗಲಿ ಹಾಯಬಾರದು. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕವಿದು ಸ್ಪೀಕರಿನಲ್ಲಿ ಚಟಪಟ ಸದ್ದು ಆರಂಭವಾಯಿತೆಂದರೆ ಮಾತು ಅಲ್ಲಿಗೇ ನಿಲ್ಲಿಸಿ, ಆಂಟೆನಾವನ್ನು ಸೆಟ್ಟಿನಿಂದ ಕಳಚಿ ಮನೆಯ ಹೊರಗೆ ಹಾಕಬೇಕು.